ರೈಲು ಹೋದ ಮೇಲಿನ 11 ಸೆಕೆಂಡು

ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ ಸಿನಿಮಾ ಬಗ್ಗೆ ಮಾತಾಡಿದ್ದೆ. ಕೇಳಿದವರಲ್ಲಿ ಕೆಲವರು ಅದನ್ನು ಬರೆದು ಕೊಡಿ ಅಂದರು. ಮಾತಿನ ಭರದಲ್ಲಿ ಹಿಂದುಮುಂದಾಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಉಳಿದಂತೆ ಅಲ್ಲಿ ಆಡಿದ ಮಾತೇ ಇದು.

ಎಲ್ಲರಿಗೂ ಶರಣಾರ್ಥಿ. ಇಂಥ ಬಿಸಿಲಲ್ಲಿ, ಅದೂ ರಜೆಯ ದಿನ, ಮನೆ ಬಿಟ್ಟು ಬಂದಿದ್ದೀರಿ. ನಾನು ಹತ್ತು ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಎಡಿಟಿಂಗ್ ಕೆಲಸ ಮಾಡಿದವನು. ಈಗ ಊರಲ್ಲೇ ಇದ್ದೇನೆ. ಆಸಕ್ತಿ ಇರುವ ಹುಡುಗ ಹುಡುಗಿಯರಿಗೆ ರಜೆಯಲ್ಲಿ ನನಗೆ ಗೊತ್ತಿರುವುದನ್ನು ಹೇಳಿಕೊಡುತ್ತೇನೆ. ಅವರು ಮಾಡಿದ ಒಂದು ಚಿಕ್ಕ ಸಿನಿಮಾದ ಎರಡು ತುಣುಕು ಮೊದಲು ತೋರಿಸುತ್ತೇನೆ. ಮಾತು ಆಮೇಲೆ.

ಓದುವವರ ಮುಂದೆ ಪರದೆ ಇಲ್ಲ. ಹಾಗಾಗಿ ಆ ತುಣುಕುಗಳನ್ನು ಬರೆದೇ ಹೇಳಬೇಕು.

ಕಥೆ ಇಷ್ಟೇ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಅಪ್ಪ ಅವಳನ್ನು ಬಿಡಲು ಕಲಬುರಗಿ ಸ್ಟೇಷನ್‌ಗೆ ಬಂದಿದ್ದಾನೆ. ರೈಲು ಹೊರಡುತ್ತದೆ. ಮನೆಯಲ್ಲಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಚೀಲ ಅಪ್ಪನ ಕೈಯಲ್ಲೇ ಉಳಿದುಬಿಡುತ್ತದೆ.

ಮೊದಲನೇ ತುಣುಕು ಹುಡುಗರು ತಾವೇ ಕತ್ತರಿಸಿ ಜೋಡಿಸಿದ್ದು. ರೈಲು ಕದಲುತ್ತದೆ. ಅಪ್ಪನ ಮುಖ ಹತ್ತಿರದಿಂದ ಕಾಣುತ್ತದೆ, ಕಣ್ಣಲ್ಲಿ ಗ್ಲಿಸರಿನ್ ನೀರು. ಆಮೇಲೆ ಚೀಲ, ಅದೂ ಪರದೆ ತುಂಬ. ಮತ್ತೆ ಮುಖ. ಅಪ್ಪ 'ಅಯ್ಯೋ, ರೊಟ್ಟಿ' ಅನ್ನುತ್ತಾನೆ. ಹಿಂದೆ ವಯಲಿನ್ ಅಳುತ್ತಿರುತ್ತದೆ. ರೈಲು ಹೋದ ಮೇಲೆ ಹತ್ತು ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ.

ಎರಡನೆಯದರಲ್ಲಿ ಇರುವುದು ಒಂದೇ ಶಾಟ್, ನಡುವೆ ಎಲ್ಲೂ ಕತ್ತರಿಸಿಲ್ಲ. ಕ್ಯಾಮೆರಾ ಪ್ಲಾಟ್‌ಫಾರ್ಮಿನ ಈ ಕಡೆ ಸುಮ್ನೆ ನಿಂತಿದೆ. ಅಪ್ಪ ನಡುವೆ ನಿಂತಿದ್ದಾನೆ, ತಲೆಯಿಂದ ಕಾಲಿನವರೆಗೂ ಕಾಣುತ್ತಾನೆ. ಅವನ ಹಿಂದೆ ಬೋಗಿಗಳು ಒಂದೊಂದಾಗಿ ದಾಟುತ್ತವೆ. ಕೊನೆಯ ಬೋಗಿ ಹೋಯಿತು. ಸದ್ದು ದೂರವಾಯಿತು. ಚಹಾ ಮಾರುವವನು ಬಕೆಟ್ ಎತ್ತಿಕೊಂಡು ಆ ಕಡೆ ಹೋದ. ಅಪ್ಪ ಹಾಗೇ ನಿಂತಿದ್ದಾನೆ. ಸಂಗೀತ ಇಲ್ಲ, ಮಾತಿಲ್ಲ. ರೈಲು ಹೋದ ಏಳನೇ ಸೆಕೆಂಡಿನ ಹೊತ್ತಿಗೆ ಅವನು ಎಡಗೈಯಲ್ಲಿದ್ದ ಚೀಲವನ್ನು ಬಲಗೈಗೆ ಬದಲಾಯಿಸಿಕೊಳ್ಳುತ್ತಾನೆ. ಅಷ್ಟೇ. ಇನ್ನು ನಾಲ್ಕು ಸೆಕೆಂಡಿಗೆ ಶಾಟ್ ಮುಗಿಯುತ್ತದೆ.

ಈಗ ನೀವೇ ಏನು ಮಾಡಿದಿರಿ ಗೊತ್ತಾ? ಮೊದಲನೆಯದು ಓಡುವಾಗ ಹಿಂದಿನ ಸಾಲಿನಲ್ಲಿ ಇಬ್ಬರು ಮೊಬೈಲ್ ನೋಡುತ್ತಿದ್ದರು. ತಪ್ಪೇನಿಲ್ಲ, ನಾನೂ ನೋಡುತ್ತಿದ್ದೆನೇನೋ. ಎರಡನೆಯದರಲ್ಲಿ ಅಪ್ಪ ಚೀಲ ಕೈ ಬದಲಾಯಿಸಿದ ತಕ್ಷಣ ಈ ಹಾಲ್‌ನಲ್ಲಿ ಒಂದು ಸದ್ದು ಬಂತು. ಯಾರೋ 'ತ್ಚ್' ಅಂದರು. ಯಾರೋ 'ಅಯ್ ಶಿವನೇ' ಅಂದರು. ಚೀಲವನ್ನು ನಿಮಗೆ ಯಾರೂ ತೋರಿಸಲಿಲ್ಲ. ನೀವೇ ಕಂಡುಹಿಡಿದಿರಿ. ಇವತ್ತು ನನಗೆ ಹೇಳಬೇಕಾಗಿರುವುದು ಇದೊಂದೇ. ಒಂದು ಸಿನಿಮಾ ನಮ್ಮನ್ನು ಹಿಡಿದು ಕೂರಿಸಬೇಕಾದರೆ ನಮಗೆ ಅಂತ ಒಂದಿಷ್ಟು ಕೆಲಸ ಉಳಿಸಬೇಕು. ಓಟ, ಧಾಟಿ, ನಟನೆ ಈ ಮೂರೂ ಆ ಕೆಲಸ ಉಳಿಸುವ ದಾರಿಗಳು. ಮೂರರಲ್ಲಿ ಯಾವುದು ದುಡುಕಿದರೂ ನಮ್ಮ ಪಾಲು ಹೋಗುತ್ತದೆ.

ಮೊದಲು ಓಟದ ಮಾತು.

ಎರಡನೇ ತುಣುಕನ್ನು ಹುಡುಗರಿಗೆ ತೋರಿಸಿದಾಗ ಒಬ್ಬ, 'ಸರ್, ಭಾಳ ಸ್ಲೋ ಅದ' ಅಂದ. ನಾನು ಅವನಿಗೆ ವಾಚ್ ಕೊಟ್ಟು ಎರಡನ್ನೂ ಅಳತೆ ಮಾಡಲು ಹೇಳಿದೆ. ರೈಲು ಹೋದ ಮೇಲಿನ ಭಾಗ ಇಲ್ಲಿ 11 ಸೆಕೆಂಡು, ಅಲ್ಲಿ ಹೆಚ್ಚು ಕಡಿಮೆ 10. ವ್ಯತ್ಯಾಸ ಒಂದೇ ಸೆಕೆಂಡು. ಹಾಗಾದರೆ ಅವನಿಗೆ ನಿಧಾನ ಅನ್ನಿಸಿದ್ದು ಯಾಕೆ? ಶಾಟ್ ಬದಲಾಗಲಿಲ್ಲ, ಅದಕ್ಕೆ. ಗಡಿಯಾರದ ಹೊತ್ತು ಬೇರೆ, ಪರದೆಯ ಹೊತ್ತು ಬೇರೆ.

ಡೇವಿಡ್ ಬೋರ್ಡ್‌ವೆಲ್ ಅಂತ ಅಮೆರಿಕದ ಸಿನಿಮಾ ವಿದ್ವಾಂಸರಿದ್ದರು. ಸಿನಿಮಾ ಹಾಕಿಕೊಂಡು ಶಾಟ್‌ಗಳನ್ನು ಕೂತು ಎಣಿಸಿದವರು. ಅವರ ಲೆಕ್ಕದಲ್ಲಿ 1930ರಿಂದ 1960ರವರೆಗಿನ ಹೆಚ್ಚಿನ ಹಾಲಿವುಡ್ ಸಿನಿಮಾಗಳಲ್ಲಿ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡು ಇರುತ್ತಿತ್ತು. 1990ರ ದಶಕದ ಕೊನೆಗೆ ಬಂದರೆ ಅದು 3ರಿಂದ 6 ಸೆಕೆಂಡಿಗೆ ಇಳಿದಿದೆ. ಈಗ ನಮ್ಮ ಕೈಯಲ್ಲಿ ರೀಲ್ಸ್ ಇದೆ. ಬೆರಳು ಎಳೆದರೆ ಇನ್ನೊಂದು. ಕಣ್ಣಿಗೆ ಬದಲಾವಣೆಯ ರೂಢಿಯಾಗಿಬಿಟ್ಟಿದೆ. ಆದರೆ ಬದಲಾವಣೆಗೂ ಮೈಮರೆಯುವುದಕ್ಕೂ ನೇರ ಸಂಬಂಧ ಇಲ್ಲ. ಹೊಡೆದಾಟದ ದೃಶ್ಯದಲ್ಲಿ ನಿಮಿಷಕ್ಕೆ ನಲವತ್ತು ಶಾಟ್ ಇಟ್ಟಿರುತ್ತಾರೆ. ಆದರೂ ಆಕಳಿಕೆ ಬರುತ್ತದೆ. ಯಾರು ಗೆಲ್ಲುತ್ತಾರೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ ಅಲ್ವಾ? ಕಾಯುವುದಕ್ಕೆ ಏನೂ ಇಲ್ಲದಿದ್ದರೆ ಎಷ್ಟು ಓಡಿದರೂ ಅದು ನಿಂತಲ್ಲೇ ಓಡುವುದು.

ಲಯದ ಪಾಠ ನನಗೆ ಸಿಕ್ಕಿದ್ದು ಸಿನಿಮಾದಿಂದ ಅಲ್ಲ. ಸಣ್ಣವನಿದ್ದಾಗ ನಮ್ಮ ಮುತ್ಯಾ, ಅಂದರೆ ಅಜ್ಜ, ಖಾಜಾ ಬಂದೇನವಾಜ್ ದರ್ಗಾದ ಉರುಸಿಗೆ ಕರೆದುಕೊಂಡು ಹೋಗುತ್ತಿದ್ದರು. ರಾತ್ರಿ ಖವ್ವಾಲಿ. ಖವ್ವಾಲ ಒಂದು ಸಾಲು ಹಿಡಿದರೆ ಬಿಡುವುದೇ ಇಲ್ಲ. ಅದೇ ಸಾಲು ಮತ್ತೆ, ಮತ್ತೆ. ಹತ್ತನೇ ಸಲಕ್ಕೆ ನನಗೆ ತಡೆಯಲಾಗದೆ, 'ಮುತ್ಯಾ, ಮುಂದಿನ ಸಾಲು ಯಾವಾಗ?' ಅಂತ ಕೇಳಿದ್ದೆ. ಮುತ್ಯಾ ನನ್ನ ಕಡೆ ನೋಡಲೇ ಇಲ್ಲ. 'ತಡಿಯಪ್ಪಾ, ಇನ್ನಾ ಏರಲಿ' ಅಂದರು. ಆ ಸಾಲು ಹಾಗೇ ಇತ್ತು. ಚಪ್ಪಾಳೆ ಮಾತ್ರ ಬಿಗಿಯಾಗುತ್ತಾ ಹೋಯಿತು, ಢೋಲಕ್ ಒಂದು ಕೂದಲೆಳೆಯಷ್ಟು ಮುಂದೆ ಹೋಯಿತು, ಹಿಂದೆ ಕೂತವರ ದನಿ ಸೇರಿತು. ಕೊನೆಗೆ ಹೊಸ ಸಾಲು ಬಂದಾಗ ಕೂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಅದೇ ಸಾಲು ಎರಡನೇ ಸಲಕ್ಕೇ ಬಂದಿದ್ದರೆ ಯಾರೂ ತಲೆಯಾಡಿಸುತ್ತಿರಲಿಲ್ಲ.

ನಮ್ಮ ಕಡೆ ಹಿಂದೂಸ್ತಾನಿ ಸಂಗೀತ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಧಾನ ಲಯದ ವಿಲಂಬಿತದಲ್ಲಿ ಕೂತು ರಾಗ ಬೆಳೆಸಿದವನ ವೇಗದ ದ್ರುತ್ ಕೇಳಬೇಕು. ನೇರ ದ್ರುತ್‌ಗೆ ಹಾರಿದವನದು ಬರೀ ಗಡಿಬಿಡಿ.

ಮಾತೇ ಇಲ್ಲದೆ ಎರಡು ಗಂಟೆ ಜನರನ್ನು ಕೂರಿಸಿದ ಸಿನಿಮಾ ನಮ್ಮಲ್ಲೇ ಇದೆ. 1987ರ 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಕಮಲ್ ಹಾಸನ್ ನಾಯಕ, ಕಥೆ ನಡೆಯುವುದು ಬೆಂಗಳೂರಿನಲ್ಲಿ. ನಾಯಕ ಬಡವ. ಅವನು ಇರುವ ರೂಮಿನ ಪಕ್ಕದಲ್ಲೇ ಟಾಕೀಸು, ಅಲ್ಲಿನ ಹೊಡೆದಾಟದ ಸದ್ದಿನಲ್ಲೇ ಅವನಿಗೆ ನಿದ್ದೆ. ಆಮೇಲೆ ಐಷಾರಾಮಿ ಹೋಟೆಲಿಗೆ ಹೋಗುತ್ತಾನೆ. ಮೆತ್ತನೆ ಹಾಸಿಗೆ, ಪೂರ್ತಿ ಮೌನ, ನಿದ್ದೆ ಬರುವುದಿಲ್ಲ. ಕೊನೆಗೆ ಹಳೇ ಜಾಗಕ್ಕೆ ಹೋಗಿ ಆ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಒಂದು ಮಾತಿಲ್ಲ. ಅವನಿಗೆ ಯಾಕೆ ನಿದ್ದೆ ಬರುತ್ತಿಲ್ಲ ಅನ್ನುವುದನ್ನು ನಾವೇ ಊಹಿಸಬೇಕು. ಊಹಿಸಿ, ಅದು ಸರಿ ಅಂತ ಗೊತ್ತಾದಾಗ ಆಗುವ ಖುಷಿಯೇ ನಮ್ಮನ್ನು ಮುಂದಿನ ದೃಶ್ಯಕ್ಕೆ ಎಳೆದುಕೊಂಡು ಹೋಗುತ್ತದೆ.

ಈಗ ಸಿನಿಮಾವನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡುವ ರೂಢಿ ಬಂದಿದೆ. ನನ್ನ ವಿದ್ಯಾರ್ಥಿಗಳಲ್ಲೂ ಕೆಲವರು ಹಾಗೆ ನೋಡುತ್ತಾರೆ. ಕಥೆ ಗೊತ್ತಾದರೆ ಸಾಕಲ್ಲ ಅನ್ನುತ್ತಾರೆ. ಒಂದು ದಿನ ನಮ್ಮ ಆ ಶಾಟನ್ನೇ ಒಂದೂವರೆ ಪಟ್ಟು ಸ್ಪೀಡಿಗೆ ಹಾಕಿ ತೋರಿಸಿದೆ. 11 ಸೆಕೆಂಡು ಏಳು ಚಿಲ್ಲರೆ ಆಯಿತು. ಅಪ್ಪ ಚೀಲ ಬದಲಾಯಿಸಿದ್ದು ಕೈ ನೋಯುತ್ತಿದೆ ಅನ್ನುವ ಹಾಗೆ ಕಂಡಿತು. ಕಥೆ ಅದೇ ಇತ್ತು, ಅಪ್ಪ ಇರಲಿಲ್ಲ.

ಶಾಟನ್ನು ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ನಾನು ತುಂಬಾ ಗೌರವಿಸುವ ಒಬ್ಬರ ಮಾತು ಹೇಳಬೇಕು. ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್. 1974ರಲ್ಲಿ ತೆರೆಗೆ ಬಂದ, ನಿರ್ದೇಶಕ ಕೊಪ್ಪೊಲಾ ಅವರ 'ದಿ ಕಾನ್ವರ್ಸೇಷನ್' ಎಡಿಟ್ ಮಾಡುವಾಗ ಅವರು ಒಂದು ಸಂಗತಿ ಗಮನಿಸಿದರು. ತಾವು ಶಾಟ್ ಮುಗಿಸಬೇಕು ಅಂದುಕೊಂಡ ಜಾಗದ ಆಸುಪಾಸಿನಲ್ಲೇ ನಟ ಜೀನ್ ಹ್ಯಾಕ್‌ಮನ್ ಕಣ್ಣು ಮಿಟುಕಿಸುತ್ತಿದ್ದರು. ಒಂದು ಯೋಚನೆ ಮುಗಿದು ಇನ್ನೊಂದು ಶುರುವಾಗುವಾಗ ಮನುಷ್ಯ ಕಣ್ಣು ಮಿಟುಕಿಸುತ್ತಾನೆ ಅನ್ನುವುದು ಮರ್ಚ್ ಅವರ ತಿಳಿವಳಿಕೆ. ನಟ ನಿಜವಾಗಿ ಯೋಚಿಸುತ್ತಿದ್ದರೆ ಎಡಿಟರ್‌ಗೆ ಕಟ್ ಎಲ್ಲಿ ಅಂತ ಅವನ ಕಣ್ಣೇ ಹೇಳುತ್ತದೆ. ನಮ್ಮ ಶಾಟನ್ನು ಇನ್ನೊಂದು ಸಲ ನೋಡಿ. ಚೀಲ ಬದಲಾಯಿಸಿದ ಮೇಲೆ ಅಪ್ಪ ಹಳಿಯ ಕಡೆ ನೋಡುತ್ತಾನೆ, ಒಂದು ಸಲ ಮೆಲ್ಲಗೆ ಕಣ್ಣು ಮುಚ್ಚಿ ತೆರೆಯುತ್ತಾನೆ. ಅಲ್ಲಿ ಕಟ್. ಅದಕ್ಕಿಂತ ಅರ್ಧ ಸೆಕೆಂಡು ಮೊದಲು ಇಟ್ಟು ನೋಡಿದೆ, ಒಂದು ಸೆಕೆಂಡು ಆಮೇಲೆ ಇಟ್ಟು ನೋಡಿದೆ. ಎರಡೂ ಸರಿಬರಲಿಲ್ಲ.

ಧಾಟಿಗೆ ಬರೋಣ. ಇದನ್ನು ಹಿಡಿದು ತೋರಿಸುವುದು ಕಷ್ಟ. ಮನೆಗೆ ತಡವಾಗಿ ಹೋಗುತ್ತೀರಿ. ಒಳಗಿನಿಂದ ಅವ್ವ 'ಬಂದೇನಪಾ?' ಅನ್ನುತ್ತಾಳೆ. ಇರುವುದು ಒಂದೇ ಮಾತು. ಅದು ಸಿಟ್ಟೋ, ಕಾಳಜಿಯೋ, ಅಳುವೋ ಅಂತ ಚಪ್ಪಲಿ ಬಿಡುವುದರೊಳಗೆ ನಿಮಗೆ ಗೊತ್ತಾಗಿರುತ್ತದೆ. ಅದು ಧಾಟಿ. ಸಿನಿಮಾ ಮೊದಲ ಐದು ಹತ್ತು ನಿಮಿಷದಲ್ಲಿ ನಮ್ಮನ್ನು ಹೀಗೇ ಒಳಗೆ ಕರೆಯುತ್ತದೆ. ಇಲ್ಲಿ ನಗಬಹುದಾ, ಹೆದರಬೇಕಾ, ಯಾರನ್ನು ನಂಬಬೇಕು ಅಂತ ಆಗಲೇ ತಿಳಿಯಬೇಕು.

ರಾಮ್ ರೆಡ್ಡಿ ಅವರ 'ತಿಥಿ' ನೋಡಿದವರು ಕೈಯೆತ್ತಿ. ಪರವಾಗಿಲ್ಲ, ತುಂಬಾ ಜನ ಇದ್ದೀರಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಸಿನಿಮಾ. ಅದರ ಶುರು ನೆನಪಿಸಿಕೊಳ್ಳಿ. 101 ವರ್ಷದ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ, ಛೇಡಿಸುತ್ತಾನೆ. ನಾವು ನಗುತ್ತಿರುತ್ತೇವೆ. ಎದ್ದು ಓಣಿಗೆ ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಕ್ಯಾಮೆರಾ ಓಡಿ ಹೋಗಿ ಮುಖ ತೋರಿಸುವುದಿಲ್ಲ, ಸಂಗೀತ ಎದ್ದು ನಿಲ್ಲುವುದಿಲ್ಲ. ಈ ಊರಲ್ಲಿ ಸಾವು ಕೂಡ ದಿನದ ಕೆಲಸಗಳ ನಡುವೆ ಬಂದು ಹೋಗುತ್ತದೆ ಅಂತ ಸಿನಿಮಾ ಅಲ್ಲೇ ಹೇಳಿಬಿಟ್ಟಿತು. ಆಮೇಲೆ 11ನೇ ದಿನದ ತಿಥಿಯವರೆಗೂ ನಮಗೆ ಒಂದು ಕಡೆಯೂ ಗೊಂದಲವಾಗುವುದಿಲ್ಲ. ಕೊಟ್ಟ ಮಾತನ್ನು ಸಿನಿಮಾ ಉಳಿಸಿಕೊಂಡಿದೆ.

ಪಕ್ಕದ ಬೀದರಿನಲ್ಲಿ ಬಿದರಿ ಕೆಲಸ ಮಾಡುವುದನ್ನು ನೀವು ನೋಡಿರುತ್ತೀರಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಬಳ್ಳಿ ಕೊರೆಯುತ್ತಾರೆ. ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿ ನುಣುಪು ಮಾಡಿದ ಮೇಲೆ ನೋಡಿದರೆ ಬೆಳ್ಳಿ ಎಲ್ಲಿದೆ ಅಂತಲೇ ಸರಿಯಾಗಿ ಕಾಣುವುದಿಲ್ಲ. ಪಾತ್ರೆಯೂ ಬಿಳುಪು, ಬೆಳ್ಳಿಯೂ ಬಿಳುಪು. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕುದಿಸಿ ಪಾತ್ರೆಗೆ ಹಚ್ಚುತ್ತಾರೆ. ಪಾತ್ರೆ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ಆಗ ಬಳ್ಳಿ ಎದ್ದು ಕಾಣುತ್ತದೆ. ನಮ್ಮ ಹುಡುಗರ ಮೊದಲ ತುಣುಕಿನಲ್ಲಿ ಪಾತ್ರೆ ಕಪ್ಪಾಗಲೇ ಇಲ್ಲ. ಮುಖದಲ್ಲಿ ಅಳು, ಮಾತಿನಲ್ಲಿ ಅಳು, ವಯಲಿನ್‌ನಲ್ಲಿ ಅಳು. ಎಲ್ಲವೂ ಬಿಳುಪು. ಎರಡನೆಯದರಲ್ಲಿ ಸ್ಟೇಷನ್ ತನ್ನ ಪಾಡಿಗೆ ತಾನಿದೆ. ಚಹಾದವನಿಗೆ ಈ ಅಪ್ಪನ ಸುದ್ದಿ ಬೇಕಿಲ್ಲ. ಆ ಕಪ್ಪಿನ ಮೇಲೆ ಒಂದು ಚೀಲ ಬೆಳ್ಳಗೆ ಕಂಡಿತು.

ಇದೇ ಮಾತಿಗೆ ಸತ್ಯಜಿತ್ ರಾಯ್ ಅವರ ಒಂದು ದೃಶ್ಯ. 'ಪಥೇರ್ ಪಾಂಚಾಲಿ', 1955. ಹರಿಹರ ದುಡಿಯಲು ಹೋಗಿದ್ದವನು ಎಷ್ಟೋ ದಿನದ ಮೇಲೆ ಮನೆಗೆ ಬರುತ್ತಾನೆ. ಮಗಳು ದುರ್ಗಾ ತೀರಿಹೋಗಿರುವುದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ತಂದ ಸಾಮಾನು ಒಂದೊಂದೇ ಹೆಂಡತಿಗೆ ತೋರಿಸುತ್ತಾನೆ. ಆಮೇಲೆ ಮಗಳಿಗೆ ತಂದ ಸೀರೆ ಕೊಡುತ್ತಾನೆ. ಸರ್ವಜಯಾ ಅದನ್ನು ಬಾಯಿಗೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಬಾಯಿ ಅಳುತ್ತಿದೆ, ದನಿ ನಮಗೆ ಕೇಳಿಸುವುದಿಲ್ಲ. ಆ ಜಾಗದಲ್ಲಿ ರಾಯ್ ತಾರ್ ಶಹನಾಯಿ ಅನ್ನುವ ತಂತಿವಾದ್ಯದ ಎತ್ತರದ ಸ್ವರ ಇಟ್ಟಿದ್ದಾರೆ. ಎಷ್ಟು ಸಲ ನೋಡಿದರೂ ಆ ಅಳು ನನ್ನ ಕಿವಿಯೊಳಗೇ ಹುಟ್ಟುತ್ತದೆ. ಪ್ರತಿ ತಾಯಿಯ ಅಳುವಿನ ನೆನಪೂ ಅಲ್ಲಿ ಬಂದು ಕೂರುತ್ತದೆ. ನಿಜವಾದ ಅಳು ಕೇಳಿಸಿದ್ದರೆ ಅದು ಒಬ್ಬ ಹೆಂಗಸಿನ ಅಳು ಮಾತ್ರ ಆಗಿರುತ್ತಿತ್ತು.

ಇನ್ನು ನಟನೆ. ಇದರ ಬಗ್ಗೆ ಮಾತಾಡಲು ನನಗೆ ಎಲ್ಲಕ್ಕಿಂತ ಇಷ್ಟ.

ನಮ್ಮ ಆಯಿ, ಅಂದರೆ ಅಜ್ಜಿ, ಸಿನಿಮಾ ನೋಡಿದ್ದು ಕಡಿಮೆ. ಒಂದು ಸಲ ನಾನೇ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ಹಳ್ಳಿಯ ಕಥೆ. ನಾಯಕಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ, ಅವಳ ಗಂಡ ಮನೆ ಬಿಟ್ಟು ಹೋಗಿದ್ದಾನೆ, ದುಃಖದ ದೃಶ್ಯ. ಸುತ್ತ ಜನ ಸುಮ್ನೆ ಕೂತಿದ್ದರು. ಆಯಿ ನನ್ನ ಕಿವಿಯಲ್ಲಿ ಮೆಲ್ಲಗೆ, 'ಆಕಿಗಿ ರೊಟ್ಟಿ ಬಡಿಲಿಕ್ಕ ಬರಂಗಿಲ್ಲ ನೋಡು' ಅಂದಳು. ಅಲ್ಲಿಗೆ ಆಯಿಯ ಪಾಲಿನ ಸಿನಿಮಾ ಮುಗಿಯಿತು.

ಮನೆಗೆ ಬಂದ ಮೇಲೆ ಕೇಳಿದೆ, ಹೆಂಗ ಗೊತ್ತಾಯ್ತು ಅಂತ. ಆಯಿಗೆ ಹೇಳಲು ಬರಲಿಲ್ಲ. ಮರುದಿನ ಅವಳು ರೊಟ್ಟಿ ಬಡಿಯುವಾಗ ನಾನು ಎದುರಿಗೆ ಕೂತು ನೋಡಿದೆ. ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟಿನ ಉಂಡೆ. ಕೆಳಗೆ ಒಣಹಿಟ್ಟು ಚಿಮುಕಿಸಿ ಅಂಗೈಯಿಂದ ತಟ್ಟಲು ಶುರು ಮಾಡಿದರೆ ರೊಟ್ಟಿ ತಾನೇ ಸುತ್ತುತ್ತಾ ಅಗಲವಾಗುತ್ತದೆ. ಮೊದಲು ದಪ್ಪ ಸದ್ದು, ತೆಳ್ಳಗಾದ ಹಾಗೆ ಸದ್ದೂ ತೆಳ್ಳಗಾಗುತ್ತದೆ. ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾಳೆ. ಇಷ್ಟು ಹೊತ್ತೂ ಆಯಿ ರೊಟ್ಟಿಯನ್ನು ನೋಡಲೇ ಇಲ್ಲ. ಬಾಗಿಲ ಕಡೆ ನೋಡುತ್ತಿದ್ದಳು, ಪಕ್ಕದ ಮನೆಯವರ ಸುದ್ದಿ ಹೇಳುತ್ತಿದ್ದಳು, ಬೆಕ್ಕನ್ನು ಓಡಿಸುತ್ತಿದ್ದಳು. ಸಿನಿಮಾದ ಆ ನಟಿ ರೊಟ್ಟಿಯ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಹರಿಯುತ್ತದೋ ಏನೋ ಅನ್ನುವ ಹೆದರಿಕೆ ಅವಳ ಮುಖದಲ್ಲಿತ್ತು. ಗಂಡ ಹೋದ ದುಃಖ ಅಲ್ಲಿ ಹೇಗೆ ಬರಬೇಕು? ಆ ಕೈಗೆ ಕೆಲಸ ಗೊತ್ತಿದ್ದಿದ್ದರೆ ಮುಖಕ್ಕೆ ಬಿಡುವು ಸಿಗುತ್ತಿತ್ತು. ಬಡಿಯುತ್ತಾ ಬಡಿಯುತ್ತಾ ಕೈ ಒಂದು ಕ್ಷಣ ನಿಂತಿದ್ದರೂ ಸಾಕಿತ್ತು. ನಮ್ಮ ಆಯಿ ಅಳುತ್ತಿದ್ದಳು.

ನಾಲಿಗೆಯ ಮಾತೂ ಅಷ್ಟೇ. ನಮ್ಮ ಕಡೆಯ ಪಾತ್ರ ಅಂತ ತರುತ್ತಾರೆ. ಅರ್ಧ ಧಾರವಾಡದ ಮಾತು, ಅರ್ಧ ಬೆಂಗಳೂರಿನದು. ನಾವು ಜಾಸ್ತಿ 'ಅದ' ಅನ್ನುವ ಕಡೆ 'ಐತಿ' ಅನ್ನಿಸುತ್ತಾರೆ. ಜನ ನಗಲಿ ಅಂತಲೇ ನಮ್ಮ ಮಾತನ್ನು ಕರೆಸುತ್ತಾರೆ. ಇದರಿಂದ ನನಗೆ ತುಂಬಾ ನೋವಾಗುತ್ತದೆ. ಈ ಭಾಷೆಯಲ್ಲಿ ನಾವು ಮಕ್ಕಳನ್ನು ಮಲಗಿಸುತ್ತೇವೆ, ಸತ್ತವರನ್ನು ಕಳಿಸುತ್ತೇವೆ. ಇದೇ ಮಾತಿನಲ್ಲಿ ಒಂದು ಗಂಭೀರ ಪಾತ್ರ, ಸರಿಯಾದ ಉಚ್ಚಾರದಲ್ಲಿ, ಪೂರ್ತಿ ಎರಡು ಗಂಟೆ ಬದುಕಿದ್ದನ್ನು ಪರದೆಯ ಮೇಲೆ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಇಲ್ಲಿ ಕೂತ ಹುಡುಗರು ಮಾಡುತ್ತೀರಿ ಅಂತ ನಂಬಿದ್ದೇನೆ.

ನಮ್ಮ ಸಿನಿಮಾ ನಟನೆ ಹುಟ್ಟಿದ್ದು ಕಂಪನಿ ನಾಟಕದ ಮನೆಯಲ್ಲಿ. ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕರಾದವರು. ಕಂಪನಿ ನಾಟಕದಲ್ಲಿ ಕೊನೇ ಸಾಲಿನವನಿಗೂ ಕೇಳಬೇಕು, ಕಾಣಬೇಕು. ಅದಕ್ಕೆ ದನಿ ದೊಡ್ಡದು, ಕೈ ದೊಡ್ಡದು. ಜಾತ್ರೆಯ ಟೆಂಟಿನಲ್ಲಿ ಅದು ಸರಿಯೇ, ಅದನ್ನು ಕೀಳು ಅನ್ನುವವರ ಜೊತೆ ನಾನಿಲ್ಲ. ಆದರೆ ಕ್ಯಾಮೆರಾ ಒಂದು ಮೊಳ ದೂರದಲ್ಲಿ ಕೂತಿರುತ್ತದೆ. ಹುಬ್ಬು ಅಲುಗಿದರೂ ಇಪ್ಪತ್ತಡಿ ಪರದೆಯ ಮೇಲೆ ಗುಡ್ಡ ಅಲುಗಿದ ಹಾಗೆ.

ಸ್ಟೇಷನ್ನಿನ ಅಪ್ಪನ ಕಥೆ ಈಗ ಹೇಳುತ್ತೇನೆ. ಅವರು ನಟರಲ್ಲ. ನಮ್ಮ ಹುಡುಗನೊಬ್ಬನ ಕಾಕಾ, ಕಿರಾಣಿ ಅಂಗಡಿ ಇಟ್ಟವರು. ಅನುಮತಿ ಪಡೆದು ಎರಡು ಸಂಜೆ ಶೂಟ್ ಮಾಡಿದೆವು. ಮೊದಲ ಸಂಜೆ ಹುಡುಗರು ಅವರಿಗೆ, 'ಕಾಕಾ, ಮಗಳು ಹೋಗ್ಯಾಳ, ದುಃಖ ಮಾಡ್ರಿ' ಅಂದರು. ಕಾಕಾ ಬಹಳ ಮನಸ್ಸಿಟ್ಟು ದುಃಖ ಮಾಡಿದರು. ಹುಬ್ಬು ಗಂಟಿಕ್ಕಿತು, ತುಟಿ ಜೋತಿತು. ನೋಡಿದರೆ ಹಲ್ಲುನೋವು ಬಂದ ಹಾಗಿತ್ತು. ಅವರದೇನೂ ತಪ್ಪಿಲ್ಲ. ದುಃಖ ಯಾರಿಗೂ 'ಮಾಡಲು' ಬರುವುದಿಲ್ಲ. ಮನುಷ್ಯ ದುಃಖವನ್ನು ತಡೆದುಕೊಳ್ಳಲು ನೋಡುತ್ತಾನೆ, ಅದು ಬೇರೆ ಕೆಲಸ.

ಎರಡನೇ ಸಂಜೆ ನಾನು ಅವರ ಹತ್ತಿರ ಹೋಗಿ, 'ಕಾಕಾ, ಇವತ್ತ ಏನೂ ಮಾಡಬ್ಯಾಡ್ರಿ. ರೈಲು ಹೋಗೋವಾಗ ಬೋಗಿ ಎಷ್ಟದಾವ ಅಂತ ಮನಸಿನಾಗ ಎಣಸ್ರಿ. ಲೆಕ್ಕ ತಪ್ಪಬಾರ್ದು' ಅಂದೆ. ಅಂಗಡಿಯವರು, ಲೆಕ್ಕ ಅಂದರೆ ಗಟ್ಟಿ. ರೈಲು ಕದಲಿತು. ಕಾಕಾ ಎಣಿಸಿದರು. ತುಟಿ ಕಾಣದಷ್ಟು ಅಲುಗುತ್ತಿತ್ತು. ಕೊನೆಯ ಬೋಗಿ ಹೋದ ಮೇಲೂ ಅಂಕಿಯನ್ನು ಮನಸ್ಸಿನಲ್ಲಿ ಹಿಡಿದುಕೊಂಡು ನಿಂತರು. ಚೀಲದ ಭಾರಕ್ಕೆ ಎಡಗೈ ಸೋತಿತ್ತು, ಬಲಗೈಗೆ ತಗೊಂಡರು. ನಾವ್ಯಾರೂ ಹೇಳಿಕೊಟ್ಟದ್ದಲ್ಲ ಅದು. ನೀವು ನೋಡಿದಾಗ ಆ ತುಟಿ ಏನು ಮಾಡುತ್ತಿದೆ ಅನ್ನಿಸಿತು? ಮುಂದಿನ ಸಾಲಿನಲ್ಲಿ ಒಬ್ಬರು 'ಮಗಳಿಗೆ ಒಳ್ಳೇದಾಗಲಿ ಅಂತ ಬೇಡಿಕೊಳ್ಳುತ್ತಿದ್ದರು' ಅಂದರು. ಇನ್ನೊಬ್ಬರು 'ಅಳು ತಡೆಯುತ್ತಿದ್ದರು' ಅಂದರು. ಎರಡನ್ನೂ ತಂದವರು ನೀವೇ.

ಇದನ್ನು ನೂರು ವರ್ಷದ ಹಿಂದೆಯೇ ರಷ್ಯಾದಲ್ಲಿ ನಿರ್ದೇಶಕ ಲೆವ್ ಕುಲೆಶೋವ್ ಮಾಡಿ ನೋಡಿದ್ದರು. ಮೊಜುಖಿನ್ ಅನ್ನುವ ನಟನ ಒಂದೇ ಮುಖ, ಭಾವ ಇಲ್ಲದ ಮುಖ. ಅದರ ಪಕ್ಕ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಗು, ಒಮ್ಮೆ ಒಬ್ಬ ಹೆಂಗಸು. ನೋಡಿದವರು ಹಸಿವು, ದುಃಖ, ಆಸೆ ಎಲ್ಲವನ್ನೂ ಆ ಮುಖದಲ್ಲಿ ಕಂಡು ನಟನನ್ನು ಹೊಗಳಿದರಂತೆ. ಇದನ್ನು ಕೇಳಿ ಹಾಗಾದರೆ ನಟನೇ ಬೇಡ ಅನ್ನಬೇಡಿ. ನಟ ಬೇಕು. ಒಳಗೆ ಏನೋ ನಿಜವಾಗಿ ನಡೆಯುತ್ತಿರುವ ಮುಖ ಬೇಕು. ಕಾಕಾ ಸುಮ್ನೆ ನಿಂತಿದ್ದರೆ ಈ ಶಾಟ್ ಸಿಗುತ್ತಿರಲಿಲ್ಲ. ಅವರು ಎಣಿಸುತ್ತಿದ್ದರು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, 'ಹಂಗಾದ್ರ ನಿಧಾನ ಇದ್ದದ್ದೇ ಛಲೋ ಸಿನಿಮಾ ಏನ್ರಿ? ಪ್ರಶಸ್ತಿ ಬಂದವು ಎಷ್ಟೋ ನೋಡಿ ನಿದ್ದಿ ಮಾಡೀನಿ' ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ಖಾಲಿ ಗೋಡೆಯನ್ನು ಒಂದು ನಿಮಿಷ ತೋರಿಸಿದರೆ ಅದು ತಾನಾಗಿ ಕಲೆ ಆಗುವುದಿಲ್ಲ. ಆ ಒಂದು ನಿಮಿಷದಲ್ಲಿ ನಾನು ಏನನ್ನೋ ಕಾಯುತ್ತಿರಬೇಕು, ಇಲ್ಲವೇ ಏನನ್ನೋ ಹುಡುಕುತ್ತಿರಬೇಕು. ಅದಿಲ್ಲದಿದ್ದರೆ ನಿದ್ದೆ ಬಂದದ್ದು ನೋಡುವವರ ತಪ್ಪಲ್ಲ. ಖವ್ವಾಲ ಅದೇ ಸಾಲನ್ನು ಹತ್ತು ಸಲ ಹಾಡಿದರೂ ಪ್ರತಿ ಸಲ ಒಂದಿಷ್ಟು ಏರಿಸಿರುತ್ತಾನೆ. ಏರದೆ ಹತ್ತು ಸಲ ಹಾಡಿದರೆ ಮುತ್ಯಾ ಕೂಡ ಎದ್ದು ಬರುತ್ತಿದ್ದರು.

ಒಬ್ಬ ಹುಡುಗಿ ಕಾಮಿಡಿ ಸಿನಿಮಾಕ್ಕೂ ಇದು ಹೊಂದುತ್ತದಾ ಅಂತ ಕೇಳಿದಳು. ಇನ್ನೂ ಜಾಸ್ತಿ ಹೊಂದುತ್ತದೆ. ನಗು ಅರ್ಧ ಸೆಕೆಂಡಿನಲ್ಲಿ ಕೆಡುತ್ತದೆ. ಜೋಕು ಹೇಳಿದವನೇ ಮೊದಲು ನಕ್ಕರೆ ನಮ್ಮ ಪಾಲಿನ ನಗು ಅವನೇ ನಕ್ಕಂತೆ.

ಕೊನೆಗೆ ಮೂರನೇ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಒಬ್ಬ ಅವ್ವ ಕೈ ಎತ್ತಿದರು. 'ಆ ರೊಟ್ಟಿ ಏನ್ ಮಾಡಿದ್ರಿ?' ಅಂತ ಕೇಳಿದರು. ಶೂಟಿಂಗ್ ಮುಗಿದ ಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಎಲ್ಲರೂ ಹಂಚಿಕೊಂಡು ತಿಂದೆವು, ಕಾಕಾ ಅವರೇ ಹಿಂಡಿಗೆ ಎಣ್ಣೆ ಹಾಕಿ ಕಲಸಿ ಕೊಟ್ಟರು ಅಂತ ಹೇಳಿದೆ. ಅವ್ವ ತಲೆಯಾಡಿಸಿದರು, ಸಮಾಧಾನ ಆಗಲಿಲ್ಲ.

'ಅದಲ್ರಿ ಯಪ್ಪಾ. ಆ ಅಪ್ಪ ಏನ್ ಮಾಡಿದ? ಮನಿಗಿ ವಾಪಸ್ ಒಯ್ದನೋ, ಏನ್ ಮುಂದಿನ ರೈಲಿಗಿ ಯಾರ ಕೈಲಾದ್ರೂ ಕೊಟ್ಟನೋ?'